ಬಿಳಿಮೂಗಿನ ಬಾವಲಿ: ನೀವು ಕೇಳಿದ್ದು, ನಾನು ಕಂಡಿದ್ದು

ಹೋದ ಸಲ ನಿದ್ದೆ ಬಾರದವರ ಪ್ರಶ್ನೆಗೆ ಉತ್ತರ ಬರೆಯುವಾಗ, "ನಿದ್ದೆ ಕೆಟ್ಟರೆ ನಮಗೆ ತಲೆನೋವು, ಅಮೆರಿಕದ ಬಾವಲಿಗಳಿಗಾದರೆ ಸಾವು" ಅಂತ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಉತ್ತರದ ಬಗ್ಗೆ ಬಂದ ಪತ್ರ ಎರಡು. ಆ ಸಾಲಿನ ಬಗ್ಗೆ ಬಂದದ್ದು ಒಂದು ಕಟ್ಟು! ಹಾಗಾಗಿ ಈ ಸಲದ ಅಂಕಣ ಪೂರ್ತಿ ಬಾವಲಿಗಳಿಗೇ, ಮೂಗಿನ ಮೇಲೆ ಬಿಳಿ ಬೂಷ್ಟು ಬೆಳೆದು ಅವುಗಳ ನಿದ್ದೆ ಕೆಡಿಸಿ ಕೊಲ್ಲುವ ಬಿಳಿಮೂಗು ರೋಗಕ್ಕೇ.

ಹೊಸಬರಿಗೆ ನನ್ನ ಪರಿಚಯ: ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಆ ದೊಡ್ಡ ಊರಿನಲ್ಲಲ್ಲ, ಅದರ ಉತ್ತರಕ್ಕೆ, ಗುಡ್ಡಗಾಡಿನ ಕಡೆ. ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣು, ಬೂಷ್ಟು ಬೆಳೆಸಿ ನೋಡುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಿ. ಬೇಸಿಗೆಯಲ್ಲಿ ಬಾವಲಿ ಎಣಿಸುವುದು ಹಳೇ ಹುಚ್ಚು.

ಇನ್ನೊಂದು ಮಾತು. ಬಾವಲಿ ಅಂದ ಕೂಡಲೇ ಮರಕ್ಕೆ ಜೋತುಬಿದ್ದ ದೊಡ್ಡ ಹಣ್ಣುಬಾವಲಿಯನ್ನು ನೆನೆಸಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಹುಳ ತಿನ್ನುವ ಚಿಕ್ಕವುಗಳ ಬಗ್ಗೆ. ಒಬ್ಬ ಹಿರಿಯರು ಪತ್ರದಲ್ಲಿ ಚೆಂದವಾಗಿ "ಕಣ್ಣಕಪ್ಪಡಿ" ಅಂತ ಬರೆದಿದ್ದಾರೆ. ಅದೇ. ಇಲ್ಲಿನ ಪುಟ್ಟ ಕಂದು ಬಾವಲಿ ರೆಕ್ಕೆ ಮಡಚಿ ಕೂತರೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ತೂಕ ಹತ್ತು ಗ್ರಾಂ ಆಸುಪಾಸು.

ಪ್ರಶ್ನೆ: ಬಿಳಿಮೂಗು ರೋಗ ಅಂದರೇನು? ಇದು ಯಾವಾಗ, ಎಲ್ಲಿ ಶುರುವಾಯಿತು?

ಉತ್ತರ: ಲೆಕ್ಕಕ್ಕೆ ಸಿಗುವ ಮೊದಲ ಸಾಕ್ಷಿ ಒಂದು ಫೋಟೋ. 2006ರ ಫೆಬ್ರವರಿಯಲ್ಲಿ ಗುಹೆ ಸುತ್ತುವ ಹವ್ಯಾಸದವರೊಬ್ಬರು ನಮ್ಮ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಪಶ್ಚಿಮಕ್ಕಿರುವ ಹೋವ್ಸ್ ಗುಹೆಯಲ್ಲಿ ಮಲಗಿದ್ದ ಬಾವಲಿಗಳ ಫೋಟೋ ತೆಗೆದರು. ಬಾವಲಿಗಳ ಮೂಗಿನ ಸುತ್ತ ಹಿಟ್ಟು ಮೆತ್ತಿದ ಹಾಗೆ ಬಿಳಿ. ಆಗ ಅದು ಏನು ಅಂತ ಯಾರಿಗೂ ಹೊಳೆಯಲಿಲ್ಲ. ಮರುವರ್ಷದ ಚಳಿಗಾಲಕ್ಕೆ ಆಲ್ಬನಿ ಸುತ್ತಲಿನ ಗುಹೆಗಳಲ್ಲಿ ಬಾವಲಿಗಳು ರಾಶಿ ರಾಶಿ ಸತ್ತು ಬಿದ್ದಿದ್ದವು. ಬದುಕಿದ್ದವು ಹಿಮ ಬೀಳುವ ಹಗಲಿನಲ್ಲಿ ಹೊರಗೆ ಹಾರಾಡುತ್ತಿದ್ದವು. ಜನವರಿಯ ಮಧ್ಯಾಹ್ನ ಬಾವಲಿ ಹಾರುವುದು ಅಂದರೆ ನಡುರಾತ್ರಿ ಕೋಳಿ ಕೂಗಿದ ಹಾಗೆ. ಏನೋ ಕೆಟ್ಟಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಕಾರಣ ಹಿಡಿಯಲು ಸ್ವಲ್ಪ ಕಾಲ ಹಿಡಿಯಿತು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕಾಡುಪ್ರಾಣಿಗಳ ರೋಗ ನೋಡುವ ಸರ್ಕಾರಿ ಪ್ರಯೋಗಾಲಯವಿದೆ. ಅಲ್ಲಿ ಡೇವಿಡ್ ಬ್ಲೆಹರ್ಟ್ ಮತ್ತು ಜೊತೆಗಾರರು ಸತ್ತ ಬಾವಲಿಗಳ ಚರ್ಮದ ತುಣುಕನ್ನು ಬೆಚ್ಚಗಿಡದೆ, ಫ್ರಿಜ್ಜಿನಂಥ ಚಳಿಯಲ್ಲಿಟ್ಟು ಬೆಳೆಸಿದರು. ಆಗ ಬಂತು ನೋಡಿ, ಹೊಸ ಶಿಲೀಂಧ್ರ, ಅಂದರೆ ಬೂಷ್ಟು. ಬೀಜಾಣುಗಳು ಒಂದು ಕಡೆಗೆ ಬಾಗಿದ್ದವು, ಬಿದಿಗೆ ಚಂದ್ರನ ಹಾಗೆ. ಇದನ್ನು ಓದಿದಾಗ ನಾನು ನನ್ನ ಲ್ಯಾಬನ್ನು ನೆನೆಸಿಕೊಂಡು ನಕ್ಕೆ. ನಾವು ಏನೇ ಬಂದರೂ 37 ಡಿಗ್ರಿಯ ಪೆಟ್ಟಿಗೆಗೆ ತುರುಕುತ್ತಿದ್ದೆವು. ಮನುಷ್ಯನ ಮೈಬಿಸಿ ಅದು. ಇದನ್ನು ನಮ್ಮ ಕೈಗೆ ಕೊಟ್ಟಿದ್ದರೆ ಎರಡು ದಿನ ಬಿಟ್ಟು "ಏನೂ ಬೆಳೆದಿಲ್ಲ" ಅಂತ ಸೀಲು ಹೊಡೆದು ಕಳಿಸುತ್ತಿದ್ದೆವು.

2009ರಲ್ಲಿ ಅದಕ್ಕೆ ಜಿಯೊಮೈಸೀಸ್ ಡಿಸ್ಟ್ರಕ್ಟನ್ಸ್ ಅಂತ ಹೆಸರಿಟ್ಟರು. 2013ರಲ್ಲಿ ಕುಲ ಬದಲಾಯಿಸಿ ಸೂಡೋಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್ ಮಾಡಿದರು. ನಾಲಿಗೆ ತಿರುಗದಿದ್ದರೆ ಚಿಂತೆ ಬೇಡ, ನನಗೂ ತಿರುಗಲ್ಲ. ಕೊನೆಯ ಪದದ ಅರ್ಥ ಮಾತ್ರ ಸುಲಭ: ಹಾಳುಮಾಡುವಂಥದ್ದು. 2011ರಲ್ಲಿ ಆರೋಗ್ಯವಾಗಿದ್ದ ಬಾವಲಿಗಳಿಗೆ ಇದನ್ನೇ ಅಂಟಿಸಿ ನೋಡಿದರು. ಅವಕ್ಕೂ ಅದೇ ರೋಗ ಬಂತು. ಅಲ್ಲಿಗೆ ಅನುಮಾನ ಮುಗಿಯಿತು.

ಸತ್ತವು ಎಷ್ಟು? 2012ರಲ್ಲಿ ಅಮೆರಿಕ ಸರ್ಕಾರದ ವನ್ಯಜೀವಿ ಇಲಾಖೆ ಕೊಟ್ಟ ಅಂದಾಜು 57 ಲಕ್ಷದಿಂದ 67 ಲಕ್ಷ. ಅದಾದ ಮೇಲೂ ರೋಗ ಪಶ್ಚಿಮಕ್ಕೆ ಹೋಗುತ್ತಲೇ ಇದೆ.

ಪ್ರಶ್ನೆ: ಬರೀ ಬೂಷ್ಟು ಒಂದು ಪ್ರಾಣಿಯನ್ನು ಹೇಗೆ ಕೊಲ್ಲುತ್ತದೆ? ವಿಷವೇ?

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ಇದು. ಇದು ವಿಷ ಹಾಕಿ ಕೊಲ್ಲುವುದಿಲ್ಲ. ಎಬ್ಬಿಸಿ ಎಬ್ಬಿಸಿ ಕೊಲ್ಲುತ್ತದೆ.

ಮೊದಲು ಬಾವಲಿಯ ಚಳಿಗಾಲ ಹೇಗಿರುತ್ತದೆ ನೋಡಿ. ಅಕ್ಟೋಬರ್ ಹೊತ್ತಿಗೆ ಇಲ್ಲಿ ಹುಳಗಳು ಮುಗಿಯುತ್ತವೆ. ಏಪ್ರಿಲ್ ತನಕ ಊಟವಿಲ್ಲ. ಅದಕ್ಕೆ ಬಾವಲಿ ಬೇಸಿಗೆಯ ಕೊನೆಯಲ್ಲಿ ತಿಂದು ತಿಂದು ಎರಡು ಮೂರು ಗ್ರಾಂ ಕೊಬ್ಬು ಕೂಡಿಸಿಕೊಳ್ಳುತ್ತದೆ. ಅರ್ಧ ಚಮಚ ತುಪ್ಪ ಅಂದುಕೊಳ್ಳಿ. ಆರು ತಿಂಗಳ ಸಂಸಾರ ಅಷ್ಟರಲ್ಲೇ ನಡೆಯಬೇಕು. ಗುಹೆಗೋ ಹಳೇ ಗಣಿಗೋ ಹೋಗಿ ಜೋತುಬಿದ್ದು ಮೈಯನ್ನು ಆರಿಸಿಬಿಡುತ್ತದೆ. ನಾನು ಆರಿಸುವುದು ಅಂದದ್ದು ದೀಪ ಆರಿಸಿದ ಹಾಗೆ. ನಿಮಿಷಕ್ಕೆ ಇನ್ನೂರಕ್ಕೂ ಜಾಸ್ತಿ ಬಡಿಯುವ ಎದೆ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. ಮೈಯ ಬಿಸಿ ಗುಹೆಯ ಗೋಡೆಯಷ್ಟೇ ತಣ್ಣಗಾಗುತ್ತದೆ. ಮುಟ್ಟಿದರೆ ಕಲ್ಲು.

ಆದರೆ ಇದು ಒಂದೇ ಉಸಿರಿನ ನಿದ್ದೆಯಲ್ಲ. ಸುಮಾರು ಎರಡು ವಾರಕ್ಕೊಮ್ಮೆ ಬಾವಲಿ ಎಚ್ಚರಾಗುತ್ತದೆ. ಮೈ ಬಿಸಿ ಮಾಡಿಕೊಂಡು, ನೀರು ಕುಡಿದು, ಉಚ್ಚೆ ಹೊಯ್ದು, ಮತ್ತೆ ಮಲಗುತ್ತದೆ. ತಣ್ಣಗಿನ ಮೈಯನ್ನು ಒಮ್ಮೆ ಬೆಚ್ಚಗೆ ಮಾಡುವುದು ತುಂಬ ದುಬಾರಿ. ಇಡೀ ಚಳಿಗಾಲದ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಖರ್ಚಾಗುವುದು ಮಲಗಿದ್ದಾಗಲ್ಲ, ಈ ಕೆಲವೇ ಸಲ ಎದ್ದಾಗ. ಆರೋಗ್ಯವಾದ ಬಾವಲಿ ಇದನ್ನೆಲ್ಲ ಲೆಕ್ಕ ಹಾಕಿಯೇ ಕೊಬ್ಬು ತುಂಬಿಕೊಂಡಿರುತ್ತದೆ.

ಈಗ ಶಿಲೀಂಧ್ರ ಬರಲಿ. ಅದಕ್ಕೆ ಚಳಿಯೇ ಇಷ್ಟ. 12ರಿಂದ 16 ಡಿಗ್ರಿಯಲ್ಲಿ ಸೊಂಪಾಗಿ ಬೆಳೆಯುತ್ತದೆ, 20 ದಾಟಿದರೆ ನಿಂತುಬಿಡುತ್ತದೆ. ತಣ್ಣಗೆ, ತೇವವಾಗಿ, ಅಲುಗಾಡದೆ ತಿಂಗಳುಗಟ್ಟಲೆ ನೇತಾಡುವ ಚರ್ಮ ಸಿಕ್ಕರೆ ಇನ್ನೇನು ಬೇಕು? ಮೈ ಆರಿಸಿಕೊಂಡ ಬಾವಲಿಯ ರೋಗನಿರೋಧಕ ಶಕ್ತಿಯೂ ಮಲಗಿರುತ್ತದೆ. ಕಾವಲುಗಾರನೇ ಗೊರಕೆ ಹೊಡೆಯುತ್ತಿರುವ ಮನೆ. ಶಿಲೀಂಧ್ರ ಮೂಗಿನ ಮೇಲೆ ಕಾಣಿಸುತ್ತದೆ ನಿಜ, ಆದರೆ ನಿಜವಾದ ಹಾನಿ ರೆಕ್ಕೆಯಲ್ಲಿ. ಚರ್ಮವನ್ನು ಹಿಡಿದಿಡುವ ಕೊಲಾಜನ್ ಅನ್ನು ಕರಗಿಸುವ ಕಿಣ್ವ ಬಿಡುತ್ತಾ ಒಳಗೆ ಇಳಿಯುತ್ತದೆ. ಬಾವಲಿಯ ರೆಕ್ಕೆ ಬರೀ ಹಾರಲಿಕ್ಕಿರುವ ಬಟ್ಟೆಯಲ್ಲ. ಮೈಯ ಚರ್ಮದಲ್ಲಿ ಬಹುಪಾಲು ಅದೇ. ನೀರು ಹಿಡಿದಿಡುವುದರಲ್ಲೂ ಅದರ ಪಾತ್ರ ದೊಡ್ಡದು. ಅಲ್ಲಿ ತೂತು ಬಿದ್ದರೆ ಬಾವಲಿ ಒಣಗುತ್ತದೆ, ರಕ್ತದ ಲವಣಗಳು ಏರುಪೇರಾಗುತ್ತವೆ. ಬಾಯಾರಿಕೆಗೋ ಉರಿಗೋ ಎರಡು ವಾರಕ್ಕೊಮ್ಮೆ ಏಳಬೇಕಾದದ್ದು ನಾಲ್ಕೈದು ದಿನಕ್ಕೊಮ್ಮೆ ಏಳತೊಡಗುತ್ತದೆ. ಪ್ರತಿ ಸಲ ಎದ್ದಾಗಲೂ ಆ ಅರ್ಧ ಚಮಚದಿಂದ ಒಂದು ಪಾಲು ಹೋಯಿತು. ಫೆಬ್ರವರಿ ಹೊತ್ತಿಗೆ ಡಬ್ಬಿ ಖಾಲಿ. ಹೊರಗೆ ಹಿಮ, ಒಂದು ಹುಳವಿಲ್ಲ. ಹಗಲಲ್ಲಿ ಹಾರುವ ಬಾವಲಿಗಳು ನೆನಪಿವೆ ಅಲ್ವಾ? ಅವು ಊಟ ಹುಡುಕಿಕೊಂಡು ಹೊರಟವು.

ಇದನ್ನು ನಾನು ಒಂದೇ ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಚಳಿಗಾಲದಲ್ಲಿ ಗುಹೆಗೆ ಹೋಗಲು ಅನುಮತಿ ಇರುವ ಜೀವಶಾಸ್ತ್ರಜ್ಞರಿಗೆ ಸಂಖ್ಯೆ ಬರೆದುಕೊಳ್ಳುವ ಒಂದು ಕೈ ಬೇಕಿತ್ತು. ಹಳೇ ಗಣಿ, ಎಲ್ಲಿ ಅಂತ ಹೇಳುವ ಹಾಗಿಲ್ಲ. ಒಳಗೆ ಮಾತಿಲ್ಲ, ಸನ್ನೆ ಮಾತ್ರ. ಗೋಡೆಯಲ್ಲಿ ಒಂದು ಬಾವಲಿ ನನ್ನ ಮುಖದ ಎತ್ತರಕ್ಕೆ ಜೋತುಬಿದ್ದಿತ್ತು. ತಣ್ಣಗಿನ ಮೈಮೇಲೆ ಇಬ್ಬನಿ ಕೂತು, ಕೂದಲ ತುದಿಗೊಂದರಂತೆ ಹನಿ. ದೀಪ ಬಿದ್ದಾಗ ಇಡೀ ಮೈ ಮಣಿ ಪೋಣಿಸಿದ ಹಾಗೆ ಹೊಳೆಯಿತು. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಮೂಗು ಕಾಣಿಸಿತು. ಬಿಳಿ. ಮುಂಗೈಯ ಮೂಳೆಯುದ್ದಕ್ಕೂ ಬಿಳಿ. ಪಕ್ಕದಲ್ಲಿದ್ದವರು ಬಗ್ಗಿ ಕಾಲಕೆಳಗೆ ಬೆಳಕು ಬಿಟ್ಟರು. ಒಣ ಎಲೆ ಅಂತ ನಾನು ತುಳಿದುಕೊಂಡು ಬಂದದ್ದು ರೆಕ್ಕೆಗಳನ್ನು.

ಇನ್ನೊಂದು ಕ್ರೂರ ಸಂಗತಿ ಇದೆ. ಹೇಗೋ ವಸಂತದ ತನಕ ಉಳಿದ ಬಾವಲಿಗಳಲ್ಲಿ ಕೆಲವು ಆಮೇಲೆ ಸಾಯುತ್ತವೆ. ಮೈ ಬೆಚ್ಚಗಾದ ಕೂಡಲೇ ಮಲಗಿದ್ದ ಕಾವಲುಗಾರನಿಗೆ ದಿಢೀರ್ ಎಚ್ಚರ. ಶಿಲೀಂಧ್ರ ಇರುವಲ್ಲೆಲ್ಲ ಒಂದೇ ಸಲಕ್ಕೆ ಮುಗಿಬೀಳುತ್ತಾನೆ. ಆ ಜಗಳದಲ್ಲಿ ರೆಕ್ಕೆಯೇ ಊದಿಕೊಂಡು ಹರಿಯುತ್ತದೆ.

ಪ್ರಶ್ನೆ: ಬಾವಲಿ ತಲೆಕೆಳಗಾಗಿ ಮಲಗಿದಾಗ ಕೆಳಗೆ ಬೀಳಲ್ವಾ? (ಐದನೇ ತರಗತಿ)

ಉತ್ತರ: ಬೀಳಲ್ಲ ಪುಟ್ಟಾ. ನಾವು ಏನಾದರೂ ಹಿಡಿಯಬೇಕಾದರೆ ಬಲ ಹಾಕಬೇಕು. ಬಾವಲಿಗೆ ಉಲ್ಟಾ. ಅದರ ಮೈಭಾರಕ್ಕೇ ಕಾಲಿನ ಸ್ನಾಯುರಜ್ಜು ಎಳೆದುಕೊಂಡು ಉಗುರು ಬಿಗಿಯಾಗಿ ಬೀಗ ಬೀಳುತ್ತದೆ. ಬಿಡಬೇಕಾದರೆ ಮಾತ್ರ ಕಷ್ಟಪಡಬೇಕು. ಸತ್ತ ಬಾವಲಿ ಕೂಡ ಹಾಗೇ ನೇತಾಡುತ್ತಿರುವುದುಂಟು. ಅದಕ್ಕೇ ಗಣಿಯಲ್ಲಿ ಎಣಿಸುವಾಗ ಮಲಗಿದೆಯೋ ಸತ್ತಿದೆಯೋ ಗೊತ್ತಾಗದೆ ನಾವು ಒದ್ದಾಡಿದ್ದು.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಮನೆಯ ಅಟ್ಟದಲ್ಲಿ ಬಾವಲಿ ಇವೆಯಂತೆ. ಈ ರೋಗ ಮನುಷ್ಯರಿಗೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ. 20 ಡಿಗ್ರಿ ದಾಟಿದರೆ ನಿಲ್ಲುವ ಶಿಲೀಂಧ್ರ ನಮ್ಮ 37 ಡಿಗ್ರಿಯ ಮೈಯಲ್ಲಿ ಏನು ಮಾಡೀತು? ನಾಯಿ, ಬೆಕ್ಕಿಗೂ ತೊಂದರೆ ಇಲ್ಲ. ಬಾವಲಿಗೂ ಬೇಸಿಗೆಯಲ್ಲಿ, ಮೈ ಬೆಚ್ಚಗಿರುವಾಗ, ಇದು ತಾನಾಗಿ ವಾಸಿಯಾಗುತ್ತದೆ. ಚಳಿಗಾಲದಲ್ಲಿ ಮೈ ತಣ್ಣಗೆ ಮಾಡಿ ಮಲಗುವ ಅಭ್ಯಾಸವೇ ಇಲ್ಲದ ಬೆಚ್ಚನೆಯ ನಾಡಿನ ಬಾವಲಿಗಳ ಮೇಲೂ ಇದರ ಆಟ ನಡೆಯದು.

ಆದರೆ ಮಗಳಿಗೆ ಒಂದು ಮಾತು ಹೇಳಿ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ರೇಬಿಸ್ ಇರುವ ಬಾವಲಿ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಕಚ್ಚಿದರೆ, ಅಥವಾ ಮಲಗಿದ್ದ ಕೋಣೆಯಲ್ಲಿ ಬಾವಲಿ ಸಿಕ್ಕಿದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಅಟ್ಟದಿಂದ ಅವನ್ನು ಕಳಿಸಲೇಬೇಕು ಅಂದರೆ ಜೂನ್, ಜುಲೈಯಲ್ಲಿ ಬೇಡ. ಆಗ ಹಾರಲು ಬಾರದ ಮರಿಗಳಿರುತ್ತವೆ. ತೂತು ಮುಚ್ಚಿದರೆ ಅವು ಒಳಗೇ ಸಾಯುತ್ತವೆ, ಆಮೇಲೆ ವಾಸನೆ ಅನುಭವಿಸುವವಳು ಅವಳೇ.

ಪ್ರಶ್ನೆ: ಈ ಶಿಲೀಂಧ್ರ ಮೊದಲು ಇರಲಿಲ್ಲವೇ? ಎಲ್ಲಿಂದ ಬಂತು?

ಉತ್ತರ: ಯುರೋಪಿನಿಂದ. ಅಲ್ಲಿ ಮೊದಲಿನಿಂದಲೂ ಇತ್ತು. ಅಮೆರಿಕದ ಗಲಾಟೆ ಕೇಳಿ ಅಲ್ಲಿನವರು ಹುಡುಕಿದಾಗ ಫ್ರಾನ್ಸ್‌ನ ಒಂದು ಬಾವಲಿಯ ಮೂಗಿನಲ್ಲಿ ಸಿಕ್ಕಿತು, ಆಮೇಲೆ ಒಂದೊಂದೇ ದೇಶದಲ್ಲಿ. ಚೀನಾದಲ್ಲೂ ಇದೆ. ಆದರೆ ಅಲ್ಲೆಲ್ಲ ಬಾವಲಿಗಳು ಹೀಗೆ ಗುಂಪುಗುಂಪಾಗಿ ಸಾಯುತ್ತಿಲ್ಲ. ತುಂಬ ಕಾಲದಿಂದ ಒಟ್ಟಿಗಿದ್ದು ಹೇಗೋ ಹೊಂದಿಕೊಂಡಿವೆ. ಅಮೆರಿಕದ ಬಾವಲಿಗಳಿಗೆ ಮಾತ್ರ ಇದು ಹೊಸ ನೆಂಟ.

2012ರಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಯುರೋಪಿನ ಶಿಲೀಂಧ್ರವನ್ನು ತಂದು ಅಮೆರಿಕದ ಬಾವಲಿಗೆ ಹಚ್ಚಿದರು. ಇಲ್ಲಿನದರಷ್ಟೇ ಕ್ರೂರವಾಗಿ ಅದೂ ಕೊಂದಿತು. ಅಂದರೆ ಶಿಲೀಂಧ್ರ ಇಲ್ಲಿಗೆ ಬಂದು ಕೆಟ್ಟದಾಗಿದ್ದಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇನ್ನೂ ಹತ್ತಿರಕ್ಕೆ ಬೆರಳು ತೋರಿಸಿತು. ಒಂದೇ ಅಂದುಕೊಂಡಿದ್ದ ಶಿಲೀಂಧ್ರ ನಿಜಕ್ಕೂ ಎರಡು ಪ್ರಭೇದ. ಅಮೆರಿಕಕ್ಕೆ ಬಂದದ್ದು ಒಂದು ಮಾತ್ರ, ಅದರ ತವರು ಉಕ್ರೇನಿನ ಪೊಡಿಲಿಯಾ ಸೀಮೆ. ಆ ಸೀಮೆ ಉದ್ದುದ್ದ ಗುಹೆಗಳಿಗೆ ಹೆಸರುವಾಸಿ, ಗುಹೆ ಸುತ್ತುವವರು ಹುಡುಕಿಕೊಂಡು ಹೋಗುವ ಜಾಗ.

ಬಾವಲಿ ಅಟ್ಲಾಂಟಿಕ್ ದಾಟಿ ಹಾರುವುದಿಲ್ಲ. ಹಾಗಾದರೆ ತಂದವರಾರು? ಬೂಟಿನ ಕೆಸರೋ, ಹಗ್ಗವೋ, ಬ್ಯಾಗೋ. ಯಾರೂ ಬೇಕಂತ ತಂದಿರಲಾರರು. ನನಗೆ ಕಾಡುವುದೂ ಅದೇ. ಗುಹೆಗಳನ್ನು ಪ್ರೀತಿಸುವ ಯಾರೋ ಒಬ್ಬರ ಬೂಟಿನಲ್ಲಿ ಬಂದಿರಬೇಕು. ಇಲ್ಲಿಗೆ ಬಂದ ಮೇಲೆ ಮಾತ್ರ ಮುಖ್ಯವಾಗಿ ಬಾವಲಿಗಳೇ ಒಂದಕ್ಕೊಂದು ಹರಡಿಕೊಂಡವು, ಅದೂ ಮೆಲ್ಲಮೆಲ್ಲಗೆ. ಆದರೆ 2016ರ ಮಾರ್ಚ್‌ನಲ್ಲಿ ಪಶ್ಚಿಮ ತುದಿಯ ವಾಷಿಂಗ್ಟನ್ ರಾಜ್ಯದ ನಾರ್ತ್ ಬೆಂಡ್ ಹತ್ತಿರ ಒಂದು ರೋಗಿ ಬಾವಲಿ ಸಿಕ್ಕಿತು. ಅಲ್ಲಿಯವರೆಗೆ ಗೊತ್ತಿದ್ದ ಅತಿ ಹತ್ತಿರದ ಜಾಗದಿಂದ ಅದು ಎರಡು ಸಾವಿರ ಕಿಲೋಮೀಟರಿಗೂ ದೂರ.

ಪ್ರಶ್ನೆ: ಬಾವಲಿ ಸತ್ತರೆ ಸಾಯಲಿ ಬಿಡಿ. ರೋಗ ಹರಡುವ, ಗಲೀಜು ಮಾಡುವ ಪ್ರಾಣಿಗೆ ಇಷ್ಟು ಪುಟ ಯಾಕೆ?

ಉತ್ತರ: ಪತ್ರದ ಕೆಳಗೆ ಹೆಸರು ಹಾಕಿಲ್ಲ. ಇರಲಿ.

ಬಾವಲಿ ರಾತ್ರಿಯಿಡೀ ತಿನ್ನುವುದು ಹುಳ. ಬೆಳೆ ತಿನ್ನುವ ಪತಂಗ, ಜೀರುಂಡೆ ಎಲ್ಲಾ ಅದರಲ್ಲಿವೆ. ಇದಕ್ಕೆ ಬೆಲೆ ಕಟ್ಟಲು 2011ರಲ್ಲಿ ಕೆಲವರು ಲೆಕ್ಕ ಹಾಕಿದರು. ಅಮೆರಿಕದ ಕೃಷಿಗೆ ವರ್ಷಕ್ಕೆ 370 ಕೋಟಿ ಡಾಲರಿನಿಂದ 5,300 ಕೋಟಿ ಡಾಲರ್ ತನಕ ಅಂತೆ. ಇದು ಅಂದಾಜಾ ಹರಾಜಾ ಅಂತ ನಾನು ಆಗ ನಕ್ಕಿದ್ದೆ. ಆದರೆ 2024ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇಯಾಲ್ ಫ್ರಾಂಕ್ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದನ್ನು ಓದಿದ ಮೇಲೆ ನಗು ಬರಲಿಲ್ಲ. ರೋಗ ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ವರ್ಷ ತಲುಪಿತಲ್ಲ, ಅವರು ಅದನ್ನೇ ಅಳತೆಗೋಲು ಮಾಡಿಕೊಂಡರು. ಬಾವಲಿ ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕವನ್ನು ಸುಮಾರು ಶೇ. 31ರಷ್ಟು ಜಾಸ್ತಿ ಬಳಸಿದ್ದರು. ಅದೇ ಜಿಲ್ಲೆಗಳಲ್ಲಿ ಹಸುಗೂಸುಗಳ ಸಾವು ಸುಮಾರು ಶೇ. 8ರಷ್ಟು ಏರಿತ್ತು. ಇದು ಅಂಕಿಅಂಶದ ಲೆಕ್ಕ, ಒಂದೊಂದು ಮಗುವಿನ ರಕ್ತ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಆದರೂ ಬೇರೆ ಕಾರಣ ಇರಬಹುದೇ ಅಂತ ಅವರು ಒಂದೊಂದನ್ನೇ ತಳ್ಳಿಹಾಕುತ್ತಾ ಹೋದ ರೀತಿ ನನಗೆ ಒಪ್ಪಿಗೆಯಾಯಿತು.

ಗಲೀಜಿನ ಮಾತು ನಿಜ. ಬಾವಲಿ ಹಿಕ್ಕೆ ಗುಡಿಸಿದ್ದೇನೆ, ಗೊತ್ತು.

ಪ್ರಶ್ನೆ: ಗುಹೆಗಳಿಗೆಲ್ಲ ಬೂಷ್ಟು ಸಾಯುವ ಔಷಧ ಸಿಂಪಡಿಸಿದರೆ ಮುಗಿಯಿತಲ್ಲ?

ಉತ್ತರ: ಸಿಂಪಡಿಸಿದರೆ ಈ ಶಿಲೀಂಧ್ರದ ಜೊತೆ ಗುಹೆಯ ಉಳಿದ ನೂರೆಂಟು ಜೀವಗಳೂ ಹೋಗುತ್ತವೆ. ಕಣ್ಣಿಲ್ಲದ ಹುಳ, ಜೇಡ, ಬೇರೆಲ್ಲೂ ಇರದ ಸೂಕ್ಷ್ಮಜೀವಿಗಳು. ಗುಹೆಯ ನೀರು ಊರಿನ ಬಾವಿಗೂ ಹೋಗುತ್ತದೆ. ಅದಕ್ಕೇ ಜನ ಬೇರೆ ದಾರಿ ಹುಡುಕುತ್ತಿದ್ದಾರೆ.

ನನಗೆ ಮಜಾ ಅನಿಸಿದ್ದು ಬಾಳೆಹಣ್ಣಿನ ಕಥೆ. ರೋಡೊಕೊಕಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಹಣ್ಣು ಬೇಗ ಮಾಗದಂತೆ ತಡೆಯುತ್ತದೆಯೇ ಅಂತ ಜಾರ್ಜಿಯಾ ರಾಜ್ಯದಲ್ಲಿ ನೋಡುತ್ತಿದ್ದರು. ಬ್ಯಾಕ್ಟೀರಿಯಾ ಇಟ್ಟಲ್ಲಿ ಬಾಳೆಹಣ್ಣಿಗೆ ಬೂಷ್ಟೂ ಹಿಡಿದಿರಲಿಲ್ಲ. ಅದನ್ನೇ ಬಾವಲಿಯ ಬೂಷ್ಟಿನ ಮೇಲೆ ಬಿಟ್ಟರು. ಮುಟ್ಟಿಸಬೇಕಾಗಿಯೂ ಇಲ್ಲ, ಅದು ಬಿಡುವ ಆವಿಯೇ ಸಾಕು. 2015ರ ಮೇ ತಿಂಗಳಲ್ಲಿ ಮಿಸೌರಿಯ ಹ್ಯಾನಿಬಲ್ ಹತ್ತಿರ, ಹೀಗೆ ಚಿಕಿತ್ಸೆ ಪಡೆದ ಬಾವಲಿಗಳನ್ನು ಮತ್ತೆ ಕಾಡಿಗೆ ಬಿಟ್ಟರು. ಆದರೆ ಒಂದು ಪೆಟ್ಟಿಗೆ ಬಾವಲಿ ಬೇರೆ, ಲಕ್ಷಗಟ್ಟಲೆ ಬಾವಲಿ ಇರುವ ಕತ್ತಲ ಗುಹೆ ಬೇರೆ.

ಲಸಿಕೆಯ ಪ್ರಯೋಗವೂ ನಡೆದಿದೆ. ಅತಿನೇರಳೆ ಬೆಳಕಿನ ಪ್ರಯೋಗವೂ ನಡೆದಿದೆ. ಕತ್ತಲಲ್ಲೇ ಬೆಳೆದೂ ಬೆಳೆದೂ ಈ ಶಿಲೀಂಧ್ರ, ಬೆಳಕಿನಿಂದ ಡಿಎನ್‌ಎಗೆ ಏಟು ಬಿದ್ದರೆ ರಿಪೇರಿ ಮಾಡಿಕೊಳ್ಳುವುದನ್ನೇ ಮರೆತಿದೆ. ಅದೇ ಅತಿನೇರಳೆ ಬೆಳಕು ಇನ್ನೊಂದಕ್ಕೂ ಉಪಯೋಗ. ರೆಕ್ಕೆ ಬಿಡಿಸಿ ಅದರ ಹಿಂದೆ ಹಿಡಿದರೆ, ಬೂಷ್ಟು ಹಿಡಿದ ಜಾಗವೆಲ್ಲ ಕಿತ್ತಳೆ ಚುಕ್ಕಿಗಳಾಗಿ ಹೊಳೆಯುತ್ತದೆ. ಬಾವಲಿಯನ್ನು ಕೊಂದು ಪರೀಕ್ಷೆ ಮಾಡುವುದು ಇದರಿಂದ ಎಷ್ಟೋ ತಪ್ಪಿತು. ಟೆನ್ನೆಸಿಯಲ್ಲಿ 2012ರಲ್ಲಿ ಕಾಂಕ್ರೀಟಿನ ಕೃತಕ ಗುಹೆಯನ್ನೇ ಕಟ್ಟಿದರು. ಬೇಸಿಗೆಯಲ್ಲಿ ಬಾವಲಿ ಹೊರಟ ಮೇಲೆ ತೊಳೆದು ಶುದ್ಧ ಮಾಡಬಹುದು ಅನ್ನುವ ಯೋಚನೆ. ಒಳ್ಳೆಯದೇ. ಬಾಡಿಗೆದಾರರು ಒಪ್ಪಬೇಕಲ್ಲ!

ಪ್ರಶ್ನೆ: ರಜೆಗೆ ಅಮೆರಿಕಕ್ಕೆ ಹೋಗುತ್ತಿದ್ದೇವೆ. ಕೆಂಟುಕಿಯ ಮ್ಯಾಮತ್ ಗುಹೆ ನೋಡುವ ಆಸೆ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಅಲ್ಲಿಗೆ ರೋಗ ಬಂದದ್ದು 2013ರಲ್ಲೇ ಖಚಿತವಾಗಿದೆ. ಪ್ರವಾಸ ಮುಗಿಸಿ ಹೊರಬರುವಾಗ ಸೋಪುನೀರಿನ ಒದ್ದೆ ಚಾಪೆಯ ಮೇಲೆ ನಡೆಸುತ್ತಾರೆ. ಸುತ್ತು ಹಾಕಿ ತಪ್ಪಿಸಿಕೊಳ್ಳಬೇಡಿ. ಆ ದಿನ ಹಾಕಿದ ಬೂಟು, ಬಟ್ಟೆ ಇನ್ನೊಂದು ಗುಹೆಗೆ ಹಾಕಿಕೊಂಡು ಹೋಗಲೇಬೇಡಿ. ಬೀಜಾಣುಗಳು ಬಾವಲಿ ಇಲ್ಲದಿದ್ದರೂ ಗುಹೆಯ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ.

ಇಲ್ಲಿನ ನಿಯಮ ಸರಳ: 55 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಬೇಕು. ಗಣಿಯಿಂದ ಬಂದ ರಾತ್ರಿ ನಾನು ಇದನ್ನು ಶ್ರದ್ಧೆಯಿಂದ ಮಾಡಿದೆ. ಬಕೆಟ್ಟು, ಥರ್ಮಾಮೀಟರು, ಗಡಿಯಾರ, ಎಲ್ಲಾ ಲ್ಯಾಬಿನ ಶಿಸ್ತು. ನೀರು ತಣ್ಣಗಾಗುತ್ತದಲ್ಲ ಅಂತ ಕೆಟಲ್ಲಿನಿಂದ ಮತ್ತೆ ಮತ್ತೆ ಸುರಿದೆ, ಸ್ವಲ್ಪ ಜಾಸ್ತಿಯೇ. ಇಪ್ಪತ್ತು ನಿಮಿಷಕ್ಕೆ ಶಿಲೀಂಧ್ರ ಸತ್ತಿತೋ ಇಲ್ಲವೋ, ಎಡಗಾಲಿನ ಬೂಟಿನ ಅಡಿ ಮಾತ್ರ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಅಂಗಡಿಯವನ ಹತ್ತಿರ ತೆಗೆದುಕೊಂಡು ಹೋದರೆ, "ಬೂಟನ್ನು ಬೇಯಿಸಿದರೆ ಗ್ಯಾರಂಟಿ ಇಲ್ಲ" ಅಂದ. ತಪ್ಪು ಅವನದ್ದಲ್ಲ ಬಿಡಿ.

ಪ್ರಶ್ನೆ: ಉಳಿದಿರುವ ಬಾವಲಿಗಳು ಮತ್ತೆ ಹೆಚ್ಚುತ್ತವೆಯೇ?

ಉತ್ತರ: ಎಲ್ಲಾ ಜಾತಿಗೂ ಒಂದೇ ಉತ್ತರ ಇಲ್ಲ. ದೊಡ್ಡ ಕಂದು ಬಾವಲಿಗೆ ಪೆಟ್ಟು ಕಡಿಮೆ. ಉದ್ದಗಿವಿಯ ಉತ್ತರದ ಬಾವಲಿ, ಮೂರು ಬಣ್ಣದ ಬಾವಲಿ, ಪುಟ್ಟ ಕಂದು ಬಾವಲಿ, ಈ ಮೂರೂ ರೋಗ ಬಂದ ಕಡೆಗಳಲ್ಲಿ ಶೇ. 90ಕ್ಕಿಂತ ಜಾಸ್ತಿ ಕಡಿಮೆಯಾದವು, ಅದೂ ಹತ್ತು ವರ್ಷದೊಳಗೆ. ಕೆನಡಾ 2014ರಲ್ಲೇ ಈ ಮೂರನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಮೆರಿಕ ಉದ್ದಗಿವಿಯದನ್ನು ಆ ಪಟ್ಟಿಗೆ ಹಾಕಿದ್ದು 2022ರ ಕೊನೆಯಲ್ಲಿ. ತಡ ಅಂತ ನನ್ನ ಅಭಿಪ್ರಾಯ.

ಇಲಿಯಾಗಿದ್ದರೆ ಎರಡು ವರ್ಷದಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದವು. ಬಾವಲಿ ಇಲಿಯ ಗಾತ್ರದ್ದೇ, ಆದರೆ ಸಂಸಾರ ಆನೆಯದು. ಪುಟ್ಟ ಕಂದು ಬಾವಲಿಗೆ ವರ್ಷಕ್ಕೆ ಒಂದೇ ಮರಿ. 30 ವರ್ಷ ದಾಟಿ ಬದುಕಿದ ಪುಟ್ಟ ಕಂದು ಬಾವಲಿಗಳ ದಾಖಲೆ ಇದೆ. ಕೂಡುವುದು ಶರತ್ಕಾಲದಲ್ಲಿ. ಹೆಣ್ಣು ಗಂಡಿನ ವೀರ್ಯವನ್ನು ಚಳಿಗಾಲವಿಡೀ ಒಳಗೆ ಕಾಪಾಡಿಕೊಂಡು, ವಸಂತದಲ್ಲಿ ಎದ್ದ ಮೇಲೆ ಬಸಿರಾಗುತ್ತದೆ. ಅಂದರೆ ರೋಗದಿಂದ ಬಚಾವಾದ ತಾಯಿ ಹರಿದ ರೆಕ್ಕೆ ವಾಸಿ ಮಾಡಿಕೊಳ್ಳುವುದು, ಹೊಟ್ಟೆಯ ಮರಿ ಬೆಳೆಸುವುದು, ಎರಡನ್ನೂ ಒಂದೇ ತಿಂಗಳಲ್ಲಿ ಮಾಡಬೇಕು.

ಒಂದು ಸಮಾಧಾನದ ಸುದ್ದಿ ಇದೆ. ರೋಗ ಬಂದುಹೋದ ಕೆಲವು ಗುಹೆಗಳಲ್ಲಿ ಉಳಿದ ಪುಟ್ಟ ಕಂದು ಬಾವಲಿಗಳು ಚಳಿಗಾಲಕ್ಕೆ ಮುಂಚೆ ಮೊದಲಿನವಕ್ಕಿಂತ ದಪ್ಪಗಿರುವುದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಡಬ್ಬಿಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ನಾಲ್ಕು ಸಲ ಹೆಚ್ಚು ಎದ್ದರೂ ಏಪ್ರಿಲ್ ತಲುಪಬಹುದು. ಅದಕ್ಕೇ ಈಗ ಕೆಲವರು ಶರತ್ಕಾಲದಲ್ಲಿ ಗುಹೆಗಳ ಹತ್ತಿರ ದೀಪ ಹಚ್ಚಿ ಹುಳ ಸೇರಿಸುತ್ತಿದ್ದಾರೆ. ಬಾವಲಿಗೆ ಊಟದ ಪಂಕ್ತಿ.

ನನ್ನ ಎಣಿಕೆಯ ವಿಷಯ ಹೇಳಿಬಿಡುತ್ತೇನೆ. ಪಕ್ಕದ ಹೊಲದಲ್ಲಿ ಹುಲ್ಲು ಪೇರಿಸಿಡುವ ಹಳೇ ಮರದ ಕೊಟ್ಟಿಗೆ ಇದೆ. ಜೂನ್‌ನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅದರ ಎದುರು ಮಡಚುವ ಕುರ್ಚಿ ಹಾಕಿ ಕೂರುತ್ತೇನೆ. ಮಾಡಿನ ಸಂದಿಯಿಂದ ಒಂದೊಂದೇ ಬಾವಲಿ ಕಲ್ಲು ಬಿದ್ದ ಹಾಗೆ ಬಿದ್ದು, ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚಿ ಹೋಗುತ್ತದೆ. ಒಂದಕ್ಕೆ ಒಂದು ಸಲ ಗುಂಡಿ ಒತ್ತುವ ಯಂತ್ರ ಕೈಯಲ್ಲಿರುತ್ತದೆ. 2006ರ ಬೇಸಿಗೆಯಲ್ಲಿ ಮುನ್ನೂರು ದಾಟಿ ಬೆರಳು ನೋಯುತ್ತಿತ್ತು. 2010ರಲ್ಲಿ ಹತ್ತೊಂಬತ್ತು. ಕತ್ತಲಾದ ಮೇಲೂ ಅರ್ಧ ಗಂಟೆ ಕಾದಿದ್ದೆ, ಇನ್ನೂ ಬರಬಹುದು ಅಂತ.

ಕಳೆದ ಜೂನ್‌ನಲ್ಲಿ ಎಣಿಸಿದ್ದು ಅರವತ್ತೆರಡು. ಗುಂಡಿ ಹಳೇದಾಗಿ ಆಗಾಗ ಅಂಟಿಕೊಳ್ಳುತ್ತದೆ. ಹಾಗಾಗಿ ಅರವತ್ತು ಅಂತ ಬರೆದುಕೊಂಡಿದ್ದೇನೆ.